ತಾಮ್ರದ ತಂತಿ ಸುತ್ತಿದ ಸ್ಟೇರಿಂಗ್

ಸೆಪ್ಟೆಂಬರ್ 24, ಬೆಳಿಗ್ಗೆ ಹತ್ತೂಕಾಲಿಗೆ ಅಣ್ಣಿಗೇರಿ ಠಾಣೆಗೆ ಬಂದ ಹಲೀಮಾಬಿ, ಕುರ್ಚಿ ಕೊಟ್ಟರೂ ಕೂರಲಿಲ್ಲ.

“ನಮ್ಮ ಅಂಬಾಸಿಡರ್ ಸ್ಟೇರಿಂಗ್ ಕದ್ದಾರ್ರಿ.”

“ಗಾಡಿ ಓಡತಿತ್ತೇನ್ರಿ?” ಪಿಎಸ್‌ಐ ನಂದಾ ಕೇಳಿದರು.

“ಇಲ್ರಿ. ನಮ್ಮ ಮನಿಯವರು ತೀರಿಕೊಂಡು ಎರಡ ವರ್ಷಾತು. ಈಗ ಡ್ರೈವರ್ ಸೀಟಿನಾಗ ಕೋಳಿ ಕಾವಿಗೆ ಕುಂತೈತಿ. ಕಳ್ಳ ಅದನ್ನ ತತ್ತಿ ಸಮೇತ ಹಿಂದಿನ ಸೀಟಿಗೆ ಇಟ್ಟಾನ್ರಿ. ಒಂದೂ ಒಡದಿಲ್ಲ.”

ಕಾನ್‌ಸ್ಟೆಬಲ್ ಯಲ್ಲಪ್ಪ ನಗು ತಡೆಯಲು ಕೆಮ್ಮಿದ. ಇಷ್ಟು ಮರ್ಯಾದಸ್ಥ ಕಳ್ಳನನ್ನು ಠಾಣೆ ಕಂಡಿರಲಿಲ್ಲ. ಎಫ್‌ಐಆರ್ ದಾಖಲಾಯಿತು. ಗುರುತು: ಸ್ಟೇರಿಂಗ್‌ನ ಬಿರುಕಿಗೆ ಗಂಡ ದಾವೂದಸಾಬ ಸುತ್ತಿದ್ದ ತಾಮ್ರದ ತಂತಿ.

ಮರುದಿನ ನಂದಾ, ಯಲ್ಲಪ್ಪ ಇಬ್ಬರೂ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ಸುತ್ತಿದರು. ಮಾಲು ಸಿಗಲಿಲ್ಲ. ಒಬ್ಬ ಗುಜರಿಯವನು ಮಾತ್ರ ಹೇಳಿದ: “ನಿಮ್ಮ ಅಣ್ಣಿಗೇರಿಯಾಂವ ಒಬ್ಬ ಐತವಾರಕ್ಕೊಮ್ಮೆ ಬರ್ತಾನ್ರಿ. ಅಂಬಾಸಿಡರ್ ಜೋಡಸಾಕತ್ತಾನಂತ. ಹಳೇ ಸ್ಟೇರಿಂಗ್ ಹಿಡದು ನೋಡ್ತಾನ, ರೇಟ್ ಕೇಳಿ ಇಟ್ಟು ಹೋಗ್ತಾನ. ಹೆಸರ ಗೊತ್ತಿಲ್ರಿ.”

“ಅಂಥಾ ಗಾಡಿ ಊರಾಗ ಕಂಡಿಲ್ರಿ ಮೇಡಂ. ಎಲ್ಲೋ ಮುಚ್ಚಿಟ್ಟಾನ,” ಎಂದ ಯಲ್ಲಪ್ಪ.

“ಮುಚ್ಚಿಡ್ಲಿ. ಖಂಡೇಪೂಜಿ ಬಿಡ್ತಾನೇನು?”

ಬಿಡಲಿಲ್ಲ. ಅಕ್ಟೋಬರ್ 1, ಆಯುಧಪೂಜೆಯ ಸಂಜೆ ಊರಿನ ಟ್ರ್ಯಾಕ್ಟರು, ಬೈಕುಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದವು. ಸೊಸೈಟಿ ಗುಮಾಸ್ತ ಸುಭಾಸನ ಬೈಕೂ ನಿಂತಿತ್ತು. ಆದರೆ ಅವನು ಕುಂಬಳಕಾಯಿ ಒಡೆದದ್ದು ಹಿತ್ತಲಿನ ಮುಚ್ಚಿದ ಶೆಡ್ಡಿನ ಮುಂದೆ. ಊರು ಸುತ್ತುತ್ತಿದ್ದ ಯಲ್ಲಪ್ಪ ಅದನ್ನು ಕಂಡು ಬಾಗಿಲು ತೆಗೆಸಿದ. ಒಳಗೆ ಬಾನೆಟ್ಟಿಗೊಂದು ಬಣ್ಣ, ಬಾಗಿಲಿಗೊಂದು ಬಣ್ಣದ ಅಂಬಾಸಿಡರ್. ಸ್ಟೇರಿಂಗ್ ಹಿಡಿದು ಸುಭಾಸನ ತಂದೆ ಮಡಿವಾಳೆಪ್ಪ ಕುಳಿತಿದ್ದರು. ಸ್ಟೇರಿಂಗ್‌ಗೆ ಬಳಿದ ವಿಭೂತಿಯ ಕೆಳಗೆ ತಾಮ್ರದ ತಂತಿ ಕಾಣುತ್ತಿತ್ತು.

ನಂದಾ ಬಂದು ಹಲೀಮಾಬಿಯನ್ನು ಕರೆಸಿದರು. ಆಕೆ ನೋಡಿದ್ದೇ ಗುರುತು ಹಿಡಿದರು.

“ನಾನ ಬಿಚ್ಚೀನ್ರಿ,” ಎಂದ ಸುಭಾಸ.

“ಯಾಕ?” ನಂದಾ ಕೇಳಿದರು.

“ಅಪ್ಪ ಮೂವತ್ತ ವರ್ಷ ಬಾಡಿಗಿ ಅಂಬಾಸಿಡರ್ ಹೊಡದಾರ್ರಿ. ಈಗ ಕಣ್ಣ ಕಾಣಂಗಿಲ್ಲ. ಸೋವಿ ಸಿಕ್ತಂತ ಸಣ್ಣ ಕಾರಿನ ಸ್ಟೇರಿಂಗ್ ಹಾಕಿದ್ದೆ. ಮುಟ್ಟಿ ನೋಡಿ, ‘ಇದು ನನ್ನ ಗಾಡಿ ಅಲ್ಲ’ ಅಂತ ಇಳದಬಿಟ್ರು.”

“ನನ್ನ ಕೇಳಾಕ ಏನಾಗಿತ್ತು ಲೇ?” ಹಲೀಮಾಬಿ ಗದರಿದರು. “ಕಾವಿನ ಕೋಳಿ ಎಬ್ಬಸೂ ಧೈರ್ಯ ಇತ್ತಲ್ಲ!”

“ದಾವೂದ ಕಾಕಾ ಒಮ್ಮಿ ಕೊಡೂದಿಲ್ಲ ಅಂದಿದ್ರು…”

“ಅವರು ಅಂದಿದ್ರು. ನಾ ಅಂದಿದ್ನೇನು?”

ಸಂಜೆ 6:40ಕ್ಕೆ ಸುಭಾಸನ ಬಂಧನ. ಜಪ್ತಿ ಪಂಚನಾಮೆಗೆ ಸ್ಟೇರಿಂಗ್ ಬಿಚ್ಚಬೇಕಿತ್ತು. ಯಲ್ಲಪ್ಪನಿಗೆ ನಟ್ಟು ಬಿಚ್ಚುವ ಪಾನಾ ಹಿಡಿಯಲೂ ಬಾರದು. ಪಾಪ, ಆರೋಪಿಯೇ ಮುಂದೆ ಬಂದ. ಆದರೆ ಮಡಿವಾಳೆಪ್ಪ ಕೈ ತೆಗೆಯಲಿಲ್ಲ. ಅವರನ್ನು ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ.

ಹಲೀಮಾಬಿ ಹಿಂದಿನ ಬಾಗಿಲು ತೆಗೆದು ಸೀಟಿನಲ್ಲಿ ಕುಳಿತರು. ಬಾಗಿಲು ಹಾಕಿದ ಸಪ್ಪಳಕ್ಕೆ ಮುದುಕರ ಬೆನ್ನು ನೆಟ್ಟಗಾಯಿತು.

“ಎಲ್ಲಿಗೆ ಬಿಡ್ಲಿ ಅಕ್ಕಾರ?”

“ಹುಬ್ಬಳ್ಳಿಗೆ ನಡೀರಿ ಕಾಕಾ. ಸಾವಕಾಶ ಹೋಗೂಣು.”

ಪಂಚನಾಮೆ ಅರ್ಧ ತಾಸು ತಡವಾಗಿ ಶುರುವಾಯಿತು. ತಡದ ಕಾರಣವನ್ನು ನಂದಾ ಎಲ್ಲಿಯೂ ಬರೆಯಲಿಲ್ಲ.