ಕಮರಿಗೆ ಇಳಿಯಬೇಕಿದ್ದ ಹಗ್ಗ

ಹಗ್ಗ ತುಂಡು ತುಂಡಾಗಿ ಉಗ್ರಾಣದ ನೆಲದ ಮೇಲೆ ಬಿದ್ದಿತ್ತು.

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ರುದ್ರಯ್ಯನವರು ಶನಿವಾರ ಬೆಳಿಗ್ಗೆ ಅಂಗಡಿಗೂ ಮನೆಗೂ ನಡುವಿನ ಆ ಉಗ್ರಾಣದ ಬೀಗ ತೆಗೆದವರೇ ಕೂಗಿಕೊಂಡರು.

"ಅಯ್ಯೋ! ಯಾರೋ ಹಾಳ್ ಮಾಡ್ಬುಟ್ಟವ್ರಲ್ಲಪ್ಪಾ!"

ಮೊದಲು ಓಡಿಬಂದವರು ಮಿಡ್ಲ್ ಸ್ಕೂಲಿನ ಮೇಷ್ಟ್ರು ಈಶ್ವರಯ್ಯ. ಅವರ ಹಿಂದೆ ಪಕ್ಕದ ಮನೆಯ ಬೈರಯ್ಯ—ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು.

"ಇವತ್ತು ಸಾಯಂಕಾಲ ಹೊರಡೋದು, ಬೆಳಿಗ್ಗೆ ಹೀಗೆ!" ಎಂದರು ಮೇಷ್ಟ್ರು. ಅವರ ಮುಖ ಕಪ್ಪಿಟ್ಟಿತ್ತು.

ಆ ಹಗ್ಗ ಬರಿಯ ಹಗ್ಗವಲ್ಲ. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆ ಕುಡಿದು ಕೆಮ್ಮುತ್ತ ಓಡುತ್ತಿದ್ದವು. ಅಂಥ ದಿನಗಳಲ್ಲೂ ಊರಿನ ಕೆಲವು ಗೆಳೆಯರು ರುದ್ರಯ್ಯನವರ ಅಂಗಡಿಯ ಜಗಲಿಯಲ್ಲಿ ಕೂತು ಒಂದು ಯೋಜನೆ ಹಾಕಿದ್ದರು. ಅರಕಲಗೂಡಿನವರೆಗೆ ಬಸ್ಸು. ಅಲ್ಲಿಂದ ಗಾಡಿಯಲ್ಲಿ ಗಾಳಿಗುಡ್ಡದ ಬುಡ. ಬೆಳಕು ಹರಿಯುವಾಗ ಹೊರಟು ಗುಡ್ಡದ ಮೇಲಿನ ಹುಲ್ಲುಗಾವಲುಗಳನ್ನು ದಾಟುವುದು. ಘಟ್ಟದ ನೆತ್ತಿ ಹತ್ತಿ ಆಚೆಯ ಕಮರಿಗೆ ಹಗ್ಗ ಹಿಡಿದು ಇಳಿಯುವುದು. ಎದುರಿನ ಬಂಡೆಗೋಡೆ ಹತ್ತಿ ಹೊತ್ತು ಮುಳುಗುವ ಮೊದಲು ಕಾಡಿನವರ ಹಾಡಿ ಸೇರುವುದು. ಎಲ್ಲ ಒಂದೇ ದಿನದಲ್ಲಿ. ರಕ್ತ ಹೀರುವ ಇಂಬಳಕ್ಕೆ ಹೊಗೆಸೊಪ್ಪಿನ ಪುಡಿ, ಬುತ್ತಿಗೆ ರೊಟ್ಟಿ, ಕೋಡುಬಳೆ. ಚನ್ನರಾಯಪಟ್ಟಣದ ಸಂತೆಯಿಂದ ಹೆಬ್ಬೆರಳು ದಪ್ಪದ ನಾರಿನ ಹಗ್ಗ.

ದಾರಿ ತೋರಿಸುವವರು ರುದ್ರಯ್ಯನವರು. ಪ್ರಾಯದಲ್ಲಿ ಒಬ್ಬ ಕಾಫಿತೋಟದ ದೊರೆಯ ಜೊತೆ ಆ ಕಮರಿ ಇಳಿದು ಹತ್ತಿದ ಕಥೆಯನ್ನು ಅವರು ಹೇಳದ ಮದುವೆಮನೆಯಿಲ್ಲ. ಊರಿನಲ್ಲಿ ಅವರಿಗಿದ್ದ ಮರ್ಯಾದೆಯಲ್ಲಿ ಆ ಕಥೆಯದೂ ದೊಡ್ಡ ಪಾಲು.

"ಇದು ತಿಮ್ಮಪ್ಪನ ಕೆಲಸ," ಎಂದರು ಮೇಷ್ಟ್ರು ಇದ್ದಕ್ಕಿದ್ದಂತೆ.

ತಿಮ್ಮಪ್ಪ ಹಳ್ಳಿಮೈಸೂರಿನ ತೆಂಗಿನ ತೋಟದವನು. ಅವನೂ ಗುಂಪಿನಲ್ಲಿದ್ದ. ಹಿಂದಿನ ವಾರ ಜಗಲಿಯ ಮೇಲೆ ಅವನ ಪ್ರಶ್ನೆಗಳು ಮುಗಿಯಲೇ ಇಲ್ಲ. ಕಮರಿ ಎಷ್ಟು ಆಳ? ಮಧ್ಯದಲ್ಲಿ ನಿಲ್ಲಲು ಜಾಗ ಇದೆಯೇ? "ಅಲ್ಲಿ ನೀರ್ ಎತ್ಲಾಗ್ ಅರೀತದೆ ಸಾವ್ಕಾರ್ರೇ? ದಾರಿ ತಪ್ಪುದ್ರೆ ನೀರ್ ಜತೇಲಿ ಈಚೆ ಬರಬೌದಲ್ಲ?"

"ಎತ್ಲಾಗೆ ಅಂದ್ರೆ? ನಮ್ಮ ಹೇಮಾವತಿಗೇ ಬತ್ತದೆ," ಎಂದಿದ್ದರು ರುದ್ರಯ್ಯ. ಆಮೇಲೆ ರೇಗಿ, "ಅನುಮಾನದೋರು ನಮ್ ಜೊತೆ ಬರೋದು ಬೇಡ" ಎಂದು ಅವನನ್ನು ಗುಂಪಿನಿಂದ ತೆಗೆದಿದ್ದರು. ತಿಮ್ಮಪ್ಪ ಎದ್ದುಹೋಗುತ್ತ, "ನನ್ನ ಬುಟ್ಟು ಅದೆಂಗೆ ಓಗೀರೋ ನೋಡ್ತೀನಿ" ಎಂದಿದ್ದ. ಎಲ್ಲರೂ ಕೇಳಿದ್ದರು. ನಿನ್ನೆ ಸಂಜೆ ಅವನು ಪಕ್ಕದ ಮಂಡಿಗೆ ಕಾಯಿ ಇಳಿಸಿ ಹೋಗಿದ್ದನ್ನೂ ನೋಡಿದ್ದರು. ಗಾಡಿಯಲ್ಲಿ ಮಚ್ಚೂ ಇತ್ತು.

"ನೀವೇನಂತೀರಿ ರುದ್ರಯ್ಯನೋರೆ?"

ರುದ್ರಯ್ಯ ಹಗ್ಗದ ಒಂದು ತುಂಡನ್ನು ಕಾಲಿನಿಂದ ಬದಿಗೆ ಸರಿಸಿದರು. "ಇನ್ಯಾರು ಮಾಡ್ತಾರೆ?" ಎಂದರು ಆಮೇಲೆ.

ತಿಮ್ಮಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಹೆಂಡತಿ ಲಕ್ಕಮ್ಮನ ಜೊತೆ ಹಾಸನದ ಬಸ್ಸಿಗೆ ಕಾಯುತ್ತಿದ್ದ. ಸುತ್ತ ಜನ ಸೇರಿತು.

"ನೀನೇ ಅಲ್ವೇನೋ ಹಗ್ಗ ಕಡಿದಿದ್ದು?" ರುದ್ರಯ್ಯನವರು ಗಟ್ಟಿಯಾಗಿ ಕೇಳಿದರು.

"ನಾನಾ? ನಾನ್ಯಾಕೆ ಕಡೀಲಿ ಸಾವ್ಕಾರ್ರೇ?"

ಮೇಷ್ಟ್ರು ಅವನ ಹೆಗಲ ಮೇಲಿನ ಟವಲು ಹಿಡಿದೆಳೆದರು. ಅದು ಮಣ್ಣಿಗೆ ಬಿತ್ತು. ಯಾರೋ ನಕ್ಕರು. "ಊರ್ ಜನುದ್ ಮುಂದೆ ಇಂಗ್ ಮಾಡ್ತೀರಲ್ಲ, ನಿಮಗೆ ಒಳ್ಳೇದಾದದಾ?" ಎಂದಳು ಲಕ್ಕಮ್ಮ. ತಿಮ್ಮಪ್ಪ ಬಗ್ಗಿ ಟವಲು ಎತ್ತಿಕೊಂಡ. ಹಾಸನದ ಬಸ್ಸು ಹತ್ತಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಊರ ದಾರಿ ಹಿಡಿದ.

ಬೈರಯ್ಯನವರು ಅಲ್ಲೇ ನಿಂತಿದ್ದರು. ಒಂದು ಮಾತೂ ಆಡಿರಲಿಲ್ಲ. ಜೀವಮಾನವೆಲ್ಲ ಪೊಲೀಸು ಕೆಲಸ ಮಾಡಿದವನು ನಾನು—ಬೀಗ ನೋಡಲಿಲ್ಲ, ಹಗ್ಗ ನೋಡಲಿಲ್ಲ, ಒಬ್ಬನ ಮಾನ ಹೋಗುವುದನ್ನು ಕೈಕಟ್ಟಿ ನೋಡಿದೆ. ಅವರಿಗೆ ತಲೆಯೆತ್ತಿ ನಡೆಯಲಾಗಲಿಲ್ಲ. ನೇರವಾಗಿ ಉಗ್ರಾಣಕ್ಕೆ ಬಂದರು. ಮೇಷ್ಟ್ರೂ ರುದ್ರಯ್ಯನವರೂ ಹಿಂದೆ ಬಂದರು.

ಬೀಗ ಮುರಿದಿರಲಿಲ್ಲ. ಕಿಟಕಿಯ ಸರಳು ಅಲುಗಿರಲಿಲ್ಲ.

"ಬೀಗದ ಕೈ ಯಾರ್ ಹತ್ರ ಇರ್ತದೆ ರುದ್ರಯ್ಯ?"

"ಒಂದು ನನ್ ಹತ್ರ. ಇನ್ನೊಂದು ನಮ್ಮನೇವಳ ಸೊಂಟದಲ್ಲಿ."

"ಯಾವತ್ತಾದ್ರೂ ಕಳೆದಿತ್ತಾ?"

"ಇಲ್ಲ."

ಬೈರಯ್ಯ ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದರು. ತುದಿ ಒಂದೇ ಏಟಿಗೆ ಕಡಿದದ್ದಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಕಚ್ಚಿ ಕಚ್ಚಿ ಕತ್ತರಿಸಿದಂತಿತ್ತು. ಗಾರೆ ನೆಲದ ಮೇಲೆ ಮಚ್ಚಿನ ಒಂದು ಗಾಯವೂ ಇಲ್ಲ. ಅಂಗಡಿಗೆ ಹೋಗಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಬಿಡಿಸಿ ನೋಡಿದರು. ಮೊಳೆಯ ಸಂದಿಯಲ್ಲಿ ಕೆಂಚು ನಾರು ಸಿಕ್ಕಿಕೊಂಡಿತ್ತು.

"ಮನೆಯೋರೇ!" ಎಂದು ಮೇಷ್ಟ್ರು ಉಸುರಿದರು.

ಅಷ್ಟರಲ್ಲಿ ನಡುಮನೆಯ ಬಾಗಿಲಲ್ಲಿ ರುದ್ರಯ್ಯನವರ ಹೆಂಡತಿ ನೀಲಾಂಬಿಕೆ ಬಂದು ನಿಂತರು. ಬಲಗೈ ಸೆರಗಿನೊಳಗಿತ್ತು.

"ನಾನೇ ಕತ್ತರಿಸ್ದೆ ಕಣಣ್ಣ. ಇವರು ಆ ಗುಡ್ಡಕ್ಕೆ ಹೋಗೋದು ನನಗಿಷ್ಟ ಇರಲಿಲ್ಲ."

"ಯಾವಾಗ ತಾಯಿ?" ಎಂದರು ಬೈರಯ್ಯ.

"ನೆನ್ನೆ... ಎಲ್ಲಾ ಮಲಗಿದ ಮೇಲೆ."

"ಎಲ್ಲಿ, ಕೈ ತೋರಿಸಿ."

ಆಕೆ ತೋರಿಸಲಿಲ್ಲ. ಕೊನೆಗೆ ಸೆರಗು ಸರಿಯಿತು. ಅಂಗೈಯಿಂದ ಮಣಿಕಟ್ಟಿನವರೆಗೆ ಬಟ್ಟೆ ಸುತ್ತಿತ್ತು.

"ನೆನ್ನೆ ಮಧ್ಯಾಹ್ನ ಕೋಡುಬಳೆ ಕರಿಯೋವಾಗ ಎಣ್ಣೆ ಬಿತ್ತು ಅಂತ ನಮ್ಮನೇಲೇ ಔಷಧಿ ಹಚ್ಚಿಸ್ಕೊಂಡು ಬಂದ್ರಲ್ಲ ತಾಯಿ? ಈ ಕೈಲಿ ಹೆಬ್ಬೆರಳು ದಪ್ಪದ ಹಗ್ಗ ಕತ್ತರಿಸಿದ್ರಾ?"

ನೀಲಾಂಬಿಕೆ ಗೋಡೆಗೆ ಮುಖ ತಿರುಗಿಸಿಕೊಂಡರು.

"ಹಾಗಾದ್ರೆ—" ಮೇಷ್ಟ್ರ ಮಾತು ಅರ್ಧಕ್ಕೆ ನಿಂತಿತು.

"ಹೌದು ಮೇಷ್ಟ್ರೇ. ಉಳಿದಿದ್ದು ಒಂದೇ ಬೀಗದ ಕೈ," ಎಂದರು ಬೈರಯ್ಯ. "ಹಗೆ ಇದ್ದೋನು ಹಗ್ಗಾನ ಹೀಗೆ ಕಣ್ಣಿಗೆ ಕಾಣೋ ಹಾಗೆ ಕತ್ತರಿಸ್ತಾನಾ? ಒಳಗಿನ ಎಳೆ ಕೊಯ್ದು ಸುಮ್ಮನಾಗ್ತಾನೆ. ನಾವು ಕಮರಿಗೆ ಬಿದ್ದು ಸಾಯ್ತಿದ್ವಿ. ಇದನ್ನ ಮಾಡಿದೋರಿಗೆ ಯಾರೂ ಬೀಳೋದು ಬೇಕಿರಲಿಲ್ಲ. ಯಾರೂ ಹೊರಡಬಾರದು, ಅಷ್ಟೇ. ಯಾಕೆ ಹೊರಡಬಾರದು? ಅದಕ್ಕೆ ಉತ್ತರ ಹೋದ ವಾರವೇ ಜಗಲಿ ಮೇಲೆ ಸಿಕ್ಕಿತ್ತು. ನಾನು ಕಿವಿ ಇದ್ದೂ ಕೇಳಿಸ್ಕೊಳ್ಳಲಿಲ್ಲ."

"ಯಾವ ಉತ್ತರ?"

"ನೀರು ಎತ್ತ ಹರೀತದೆ ಅಂತ ತಿಮ್ಮಪ್ಪ ಕೇಳಿದ. ಹೇಮಾವತಿಗೆ ಅಂದ್ರು ಇವರು. ನಾನು ಸಕಲೇಶಪುರದ ಕಡೆ ಕೆಲಸ ಮಾಡಿದೋನು ಮೇಷ್ಟ್ರೇ. ಘಟ್ಟದ ನೆತ್ತಿ ದಾಟಿದ ಮೇಲೆ ಒಂದು ಹನೀನೂ ಈ ಕಡೆ ಬರಲ್ಲ, ಎಲ್ಲಾ ಪಡುವಣ ಸಮುದ್ರಕ್ಕೇ. ಆ ನೀರನ್ನ ನಂಬಿಕೊಂಡು ನಡೆದೋನು ಊರು ಸೇರೋದಿಲ್ಲ, ಕಾಡು ಸೇರ್ತಾನೆ. ಆ ಕಮರಿಗೆ ಇಳಿದೋನು ಯಾರಾದ್ರೂ ಇದನ್ನ ತಪ್ಪು ಹೇಳ್ತಾನಾ?" ಬೈರಯ್ಯ ತಿರುಗಿದರು. "ರುದ್ರಯ್ಯ, ಹಗ್ಗ ಕತ್ತರಿಸಿದ್ದು ನೀವು. ಆ ಗುಡ್ಡದ ನೆತ್ತೀನ ನೀವು ನೋಡೇ ಇಲ್ಲ. ಅಲ್ವಾ?"

ರುದ್ರಯ್ಯನವರು ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತರು.

"ಬುಡದವರೆಗೆ ಹೋಗಿದ್ದೆ. ಚಳಿಜ್ವರ ಬಂತು. ದೊರೆ ನನ್ನ ಗಾಡಿಲಿ ವಾಪಸ್ ಕಳಿಸಿದ. ಊರಿಗೆ ಬಂದಾಗ ಎಲ್ಲಾ ಕೇಳಿದ್ರು, ಇಳಿದ್ಯಾ ಅಂತ. ಹೂಂ ಅಂದ್ಬುಟ್ಟೆ." ಅವರು ಗಂಟಿನ ಬಟ್ಟೆಯನ್ನು ಸವರಿದರು. "ಹೇಳ್ತಾ ಹೇಳ್ತಾ ನಾನೇ ನಂಬಿಬಿಟ್ಟಿದ್ದೆ ಬೈರಯ್ಯನೋರೆ. ನೆನ್ನೆ ರೊಟ್ಟಿ ಕಟ್ಟಿದ್ದು ನೋಡ್ದೆ. ಇಷ್ಟು ಜನಾನ ಕರ್ಕೊಂಡು ಎಲ್ಲಿಗೆ ಹೋಗ್ತಿದ್ದೀನಿ ಅಂತ ನಡುಕ ಹುಟ್ಟಿತು."

"ಹಗ್ಗ ಕತ್ತರಿಸಿದ್ದಕ್ಕೆ ನಾನೇನೂ ಅನ್ನಲ್ಲ. ತಿಮ್ಮಪ್ಪನ ಮಾನಾನ ಯಾಕೆ ಕತ್ತರಿಸಿದ್ರಿ?"

ಮೇಷ್ಟ್ರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

ಮಧ್ಯಾಹ್ನ ಮೂವರೂ ಗಾಡಿಯಲ್ಲಿ ಹಳ್ಳಿಮೈಸೂರಿಗೆ ಹೋದರು. ಲಕ್ಕಮ್ಮ ಅವರನ್ನು ಕಂಡು ಒಳಗೆ ಹೋದಳು. ನೀರು ಬೇಕೇ ಎನ್ನಲಿಲ್ಲ. ತಿಮ್ಮಪ್ಪ ಎತ್ತಿಗೆ ಹುಲ್ಲು ಹಾಕುತ್ತಿದ್ದ.

ಮೊದಲು ಬೈರಯ್ಯ ಕೈಮುಗಿದರು. "ನಾನು ಸುಮ್ಮನೆ ನಿಂತಿದ್ದೆ ತಿಮ್ಮಪ್ಪ. ಅದು ತಪ್ಪು." ಮೇಷ್ಟ್ರು ಟವಲಿನ ಮಾತೆತ್ತಲು ಹೋಗಿ ತಡವರಿಸಿದರು. ರುದ್ರಯ್ಯ ಎಲ್ಲವನ್ನೂ ಹೇಳಿ, ಕೊನೆಗೆ, "ನನ್ನ ತಪ್ಪ ಹೊಟ್ಟೆಗೆ ಹಾಕ್ಕೊಳಪ್ಪ" ಎಂದು ಬಗ್ಗಿದರು.

ತಿಮ್ಮಪ್ಪ ಹಿಂದೆ ಸರಿದ.

"ನನ್ ಕಾಲಿಗ್ಯಾಕ್ ಬೀಳ್ತೀರಿ? ನಾನ್ ಕಡೀಲಿಲ್ಲ ಅಂತ ನಂಗ್ ಮೊದ್ಲೇ ಗೊತ್ತಿತ್ತು. ಯಾರ್ ಮುಂದೆ ಅಂದ್ರೋ ಅವರ್ ಮುಂದೆ ಈ ಮಾತ್ ಏಳಿ ಸಾವ್ಕಾರ್ರೇ."

ಭಾನುವಾರ ಬೆಳಿಗ್ಗೆ ಹಾಸನದ ಬಸ್ಸಿನ ಕೊಳವೆಗೆ ಇದ್ದಿಲು ತುಂಬುತ್ತಿದ್ದರು. ಸ್ಟ್ಯಾಂಡಿನ ತುಂಬ ಜನ. ರುದ್ರಯ್ಯನವರು ಪೇಟ ತೆಗೆದು ಕೈಯಲ್ಲಿ ಹಿಡಿದು ಬೇವಿನ ಮರದ ಕೆಳಗೆ ನಿಂತರು. ತುಸು ದೂರದಲ್ಲಿ ತಿಮ್ಮಪ್ಪ, ಲಕ್ಕಮ್ಮ. ರುದ್ರಯ್ಯನವರು ಬಾಯಿ ತೆರೆದರು, ದನಿ ಹೊರಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಏನೋ ಮಾರಲು ಬಂದವನೆಂದುಕೊಂಡು ಬಸ್ಸಿನ ಮೇಲಿದ್ದ ಒಬ್ಬ ಕೂಗಿದ:

"ಕೇಳುಸ್ತಿಲ್ಲ ಕಣಯ್ಯ, ಜೋರಾಗಿ ಏಳು!"

ರುದ್ರಯ್ಯನವರು ಜೋರಾಗಿ ಹೇಳಿದರು.