ಒಂದು ಲಕ್ಷ ಹೊಗಳಿಕೆ

ಒಕ್ಕಣೆಯ ಕಾಲ. ಗಾಳಿ ತಿರುಗಿದಾಗೆಲ್ಲ ಕಣಗಳ ಕಡೆಯಿಂದ ಹೊಟ್ಟು ಹಾರಿ ಬಂದು, ಪ್ರೆಸ್ಸಿನ ಕಿಟಕಿಯ ಸಂದಿಯಲ್ಲಿ ನುಗ್ಗಿ ಹಸಿ ಮಸಿಗೆ ಅಂಟಿಕೊಳ್ಳುತ್ತಿತ್ತು. ಅವನು ಬೆಳಗಿನಿಂದ ಬಿತ್ತನೆ ಬೀಜದ ಚೀಲಗಳಿಗೆ ಚೀಟಿ ಮುದ್ರಿಸುತ್ತಿದ್ದ. ನೂರು ಹಾಳೆಗೊಮ್ಮೆ ಯಂತ್ರ ನಿಲ್ಲಿಸಿ ರೋಲರಿನ ಮೇಲಿನ ಹೊಟ್ಟನ್ನು ಬೆರಳ ತುದಿಯಿಂದ ಒಂದೊಂದಾಗಿ ತೆಗೆಯುತ್ತಿದ್ದ. ಬಟ್ಟೆಯಿಂದ ಒರೆಸಿದರೆ ಮಸಿ ಕೆಡುತ್ತದೆ. ಅಪ್ಪ ಹೇಳಿಕೊಟ್ಟ ಪಾಠ ಅದು. ಹೊರಗಿನ ಜಗಲಿಯಲ್ಲಿ ಅಮ್ಮ ಚೀಟಿಗಳನ್ನು ಐವತ್ತೈವತ್ತರಂತೆ ಎಣಿಸಿ ದಾರ ಸುತ್ತುತ್ತಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಗೋದಾಮಿನ ಯಜಮಾನನ ಭಾವಮೈದುನ ಬಂದ. ಯಜಮಾನ ಈ ಸಲವೂ ಚುನಾವಣೆಗೆ ನಿಂತಿದ್ದ. ಭಾವಮೈದುನನೇ ಅವನ ಏಜೆಂಟ್.

"ಏನ್ ಪ್ರೆಸ್ಸಣ್ಣ, ಹಳೇದೆಲ್ಲ ಮರ್ತುಬಿಡು ಅಂತ ನಮ್ಮ ಭಾವ ಹೇಳಿ ಕಳಿಸಿದ್ದಾರೆ. ಒಂದು ಕೆಲಸ ಇದೆ. ಬಣ್ಣದ್ದು."

"ಮರೆಯೋಕೆ ಏನಿದೆ ಬಿಡಿ," ಎಂದ ಅವನು, ರೋಲರಿನಿಂದ ಕಣ್ಣು ತೆಗೆಯದೆ.

ಮರೆಯಲು ಇದ್ದದ್ದು ಇಷ್ಟು. ಆರು ವರ್ಷದ ಹಿಂದೆ, ಹೀಗೇ ಒಂದು ಚುನಾವಣೆಯ ಹೊತ್ತಿಗೆ, ಅಪ್ಪ ತನ್ನ ಕಾಗದಕ್ಕೆ ತನ್ನ ಮಸಿ ಹಾಕಿ, ತುಳಿಯುವ ಹಳೆಯ ಯಂತ್ರದಲ್ಲಿ ಮುನ್ನೂರು ಕರಪತ್ರ ಅಚ್ಚು ಹಾಕಿದ್ದ. ಅದರಲ್ಲಿ ಇದ್ದದ್ದು ಒಂದೇ ಸಾಲು: 'ಕಾಲುವೆಯ ನೀರು ನಮ್ಮ ಹೊಲ ಮುಟ್ಟುವ ಮೊದಲು ಯಾರ ಗೋದಾಮಿನ ಹಿಂದೆ ಇಳಿಯುತ್ತದೆ?' ಕೆಳಗೆ ಮುದ್ರಕನ ಹೆಸರಿರಲಿಲ್ಲ. ಚುನಾವಣೆಯ ಕಾಯ್ದೆಗೆ ಅಷ್ಟೇ ಸಾಕಾಯಿತು. ಯಜಮಾನ ದೂರು ಕೊಟ್ಟ, ಪ್ರೆಸ್ಸಿಗೆ ಬೀಗ ಬಿತ್ತು. "ಬಾಯಿ ನಂದು, ಕಾಗದ ನಂದು, ಮಧ್ಯೆ ಇವರ್ಯಾರು?" ಎಂದು ಅಪ್ಪ ಕಚೇರಿಯಲ್ಲಿ ಕೂಗಾಡಿದ. "ಮಾತಾಡಬೇಡಿ ಅಂತ ಯಾರೂ ಹೇಳ್ತಿಲ್ಲ ಹಿರಿಯರೆ, ಹೆಸರು ಹಾಕಿ ಮಾತಾಡಿ ಅಂತ ಕಾಯ್ದೆ," ಎಂದಿದ್ದರು ಅಲ್ಲಿಯ ಅಧಿಕಾರಿ, ಮೃದುವಾಗಿಯೇ. ಹನ್ನೊಂದು ತಿಂಗಳು ಬೀಗ ಇತ್ತು. ಅಪ್ಪ ದಿನಾ ಬೆಳಗ್ಗೆ ಬಂದು ಮುಚ್ಚಿದ ಬಾಗಿಲ ಮುಂದೆ ಕೂತು, ಹೆಗಲ ಮೇಲಿನ ಬಟ್ಟೆಯಿಂದ ಆ ಬೀಗದ ಧೂಳು ಒರೆಸಿ ಸಂಜೆಗೆ ಮನೆಗೆ ಹೋಗುತ್ತಿದ್ದ. ಹನ್ನೆರಡನೆಯ ತಿಂಗಳು ಬೀಗ ತೆಗೆದಾಗ ಒಳಗೆ ಹೋಗಲು ಅಪ್ಪನೇ ಇರಲಿಲ್ಲ. ಆಮೇಲೆ ಆ ಪ್ರೆಸ್ಸು ಚುನಾವಣೆಯ ಒಂದು ಹಾಳೆಯನ್ನೂ ಮುಟ್ಟಿರಲಿಲ್ಲ.

"ಎಷ್ಟು ಬೇಕು?" ಎಂದು ಕೇಳಿದ.

"ಎರಡು ಸಾವಿರ. ಅದರ ಮೇಲೆ ಒಂದು ಹಾಳೆನೂ ಬೇಡ." ಏಜೆಂಟ್ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದ. "ಖರ್ಚಿನ ಮಿತಿ ಕುತ್ತಿಗೆ ಮಟ್ಟಕ್ಕೆ ಬಂದಿದೆ. ಇನ್ನು ಕೂದಲೆಳೆಯಷ್ಟು ಜಾಗ ಉಳಿದಿರೋದು. ದಾಟಿದ್ರೆ ಗೆದ್ದ ಮೇಲೂ ಕುರ್ಚಿ ಇಲ್ಲ, ಆರು ವರ್ಷ ನಿಲ್ಲೋ ಹಾಗೂ ಇಲ್ಲ. ಹೊಗಳಿಕೊಳ್ಳೋಕೂ ಅಳತೆ ಇಟ್ಟವ್ರೆ ನೋಡು, ಕಲಿಗಾಲ!"

ಅವನು ನಕ್ಕ. ಆ ನಗು ಮುಗಿಯುವ ಮೊದಲೇ ಅವನೊಳಗೆ ಏನೋ ಒಂದು ಸದ್ದಿಲ್ಲದೆ ತನ್ನ ಜಾಗಕ್ಕೆ ಬಂದು ಕೂತಿತು. ಕಟ್ಟಿದ ಅಚ್ಚಿನ ಮೊಳೆಗಳು ಚೌಕಟ್ಟಿನೊಳಗೆ ಕೂರುವ ಹಾಗೆ.

ಬೈದು ಕೊಲ್ಲಲು ಹೋಗಿ ಅಪ್ಪ ಸತ್ತ. ಮಗ ಹೊಗಳಿ ಕೊಲ್ಲುತ್ತಾನೆ.

ಕಾಯ್ದೆಯ ಪ್ರಕಾರ, ಮುದ್ರಿಸುವ ಮೊದಲು ಮಾಡಿಸುವವನಿಂದ ಒಂದು ಘೋಷಣಾ ಪತ್ರ ಬರೆಸಿಕೊಳ್ಳಬೇಕು. ಯಾರು ಮಾಡಿಸಿದ್ದು, ಎಷ್ಟು ಪ್ರತಿ, ಸಹಿ. ಮೂರು ದಿನದೊಳಗೆ ಅದನ್ನು ಚುನಾವಣಾ ಕಚೇರಿಗೆ ಕೊಡಬೇಕು. ಹಣ ಎಷ್ಟು ಕೈ ಬದಲಾಯಿಸಿತು ಎಂದು ಕಚೇರಿ ಕೇಳುವುದಿಲ್ಲ. ಪ್ರತಿಗಳ ಸಂಖ್ಯೆಯನ್ನು ತನ್ನ ದರಪಟ್ಟಿಯ ದರದಿಂದ ಗುಣಿಸಿ ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತದೆ. ಅವನು ಒಂದು ಪತ್ರ ತಂದು ಮೇಜಿನ ಮೇಲಿಟ್ಟ.

"ಇಲ್ಲಿ ಸಹಿ ಹಾಕಿ. ಸಂಖ್ಯೆ ಆಮೇಲೆ ತುಂಬ್ತೀನಿ. ಈ ಹೊಟ್ಟಿನ ಕಾಟದಲ್ಲಿ ಎಷ್ಟು ಹಾಳೆ ಹಾಳಾಗುತ್ತೋ ಈಗಲೇ ಹೇಳೋಕಾಗಲ್ಲ. ಬರೆದು ತಿದ್ದಿದ್ರೆ ಆಫೀಸಿನವರು ಒಪ್ಪಲ್ಲ."

ಏಜೆಂಟ್ ಕಿವಿಗೆ ಫೋನು ಒತ್ತಿಕೊಂಡೇ ಸಹಿ ಹಾಕಿದ. ಸಂಖ್ಯೆಯ ಜಾಗ ಮೊಸರಿನಷ್ಟು ಬೆಳ್ಳಗೆ ಉಳಿಯಿತು.

ಬರೆಹವನ್ನೂ ಅವನೇ ಬರೆದ. ಏಜೆಂಟ್ ತಂದಿದ್ದ ಸಪ್ಪೆ ಮಾತುಗಳನ್ನು ಬದಿಗಿಟ್ಟು, ದ್ವೇಷ ಹರಿತಗೊಳಿಸಿದ ಗಮನದಿಂದ, ಒಂದೊಂದೇ ಪದವನ್ನು ತೂಗಿ ಕೂರಿಸಿದ. 'ನಮ್ಮ ಮನೆಯ ಕಷ್ಟಕ್ಕೆ ಬಾಗಿಲು ತಟ್ಟದೆ ಬರುವವರು' ಎಂಬ ಸಾಲು ಬರೆದಾಗ ಕೈ ಒಂದು ಕ್ಷಣ ನಿಂತಿತು. ಸುಳ್ಳಾದರೂ ಒಳ್ಳೆಯ ಸಾಲು. ಯಜಮಾನ ಗೆಲ್ಲಲೇಬೇಕಾಗಿತ್ತು. ಏರದವನನ್ನು ಇಳಿಸುವುದು ಹೇಗೆ?

ಮಧ್ಯಾಹ್ನದ ಹೊತ್ತಿಗೆ ಎರಡು ಸಾವಿರವೂ ಆಯಿತು. ಕೆಳಗೆ ಮುದ್ರಕನ ಹೆಸರನ್ನು ಸ್ಪಷ್ಟವಾಗಿ ಹಾಕಿದ್ದ. ಏಜೆಂಟ್ ಕಟ್ಟು ಒಯ್ಯಲು ಬಂದಾಗ ಅವನು ಒಳಗೆ ಯಂತ್ರ ತೊಳೆಯುತ್ತಿದ್ದ. ಮಸಿ ಹಿಡಿದ ಗಾಜಿನಾಚೆ, ಜಗಲಿಯಲ್ಲಿ ಅಮ್ಮ ಏಜೆಂಟನನ್ನು ಕೂರಿಸಿ ನೀರು ಕೊಟ್ಟು ಏನೋ ಕೇಳುತ್ತಿದ್ದಳು. ಏಜೆಂಟ್ ನಗುತ್ತ ಒಂದು ಹಾಳೆಯ ಬೆನ್ನಿಗೆ ಏನೋ ಗೀಚಿ ಕೊಟ್ಟ. ವಿಧವಾ ವೇತನ ನಿಂತುಹೋಗಿ ನಾಲ್ಕು ತಿಂಗಳಾಗಿತ್ತು. ಬಿಳಿ ಅಂಗಿಯವರು ಯಾರು ಬಂದರೂ ಅಮ್ಮ ಅವರ ಫೋನ್ ನಂಬರು ಬರೆಸಿಕೊಳ್ಳುತ್ತಿದ್ದಳು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಲಕ್ಷ ತುಂಬಿಸಲು ಉಳಿದ ತೊಂಬತ್ತೆಂಟು ಸಾವಿರಕ್ಕೆ ಎರಡು ಬೇಕಾಗಿದ್ದವು. ಕಾಗದ, ಮತ್ತು ಖಾಲಿ ಮನೆ.

"ಅಮ್ಮಾ, ಅಕ್ಕನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಾ. ಮೊಮ್ಮಕ್ಕಳನ್ನ ನೋಡಿ ಎಷ್ಟು ದಿನ ಆಯ್ತು."

"ಇದೇನೋ ಅಕ್ಕನ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ಹೊಟ್ಟಿಗೆ ನಿನ್ನ ಕೆಮ್ಮು ಜಾಸ್ತಿ ಆಗಿದೆ ಅಂತ ಹೇಳಿದ್ರೂ ತಪ್ಪಾ?"

ಮರುದಿನ ಹನ್ನೊಂದರ ಬಸ್ಸಿಗೆ ಅಮ್ಮ ಒಂಬತ್ತಕ್ಕೇ ಹೊರಟಳು. ಬಸ್ ನಿಲ್ದಾಣ ನಡೆದರೆ ಕಾಲು ಗಂಟೆಯ ದಾರಿ. ವಯಸ್ಸಾದವರಿಗೆ ಬಸ್ಸು ತಪ್ಪುವ ಭಯವೇ ದೊಡ್ಡ ಭಯ ಎಂದುಕೊಂಡು ಅವನು ತಡೆಯಲಿಲ್ಲ.

ಕಾಗದದ ದುಡ್ಡಿಗೆ ಅಪ್ಪನ ಹಳೆಯ ಯಂತ್ರವನ್ನೇ ಗುಜರಿಯವನಿಗೆ ಕೊಟ್ಟ. ನಾಲ್ಕು ಜನ ಹೊತ್ತರೂ ಅದು ಹೊಸ್ತಿಲು ದಾಟಲು ಒಪ್ಪಲಿಲ್ಲ. ಕೊನೆಗೆ ಬಾಗಿಲ ಚೌಕಟ್ಟಿನ ಒಂದು ಚೂರನ್ನು ಕಿತ್ತುಕೊಂಡೇ ಹೋಯಿತು. ಗೋಡೆಯ ಪಕ್ಕ ನೆಲದ ಮೇಲೆ ನಾಲ್ಕು ಕಾಲುಗಳ ಗುರುತು ಉಳಿಯಿತು. ಅಪ್ಪನ ಸಾಲ ತೀರಿಸಲು ಅಪ್ಪನ ಕಬ್ಬಿಣವೇ ಹೋಗುವುದು ನ್ಯಾಯ ಎಂದು ಅವನಿಗೆ ಅನ್ನಿಸಿತು.

ಮೂರು ಹಗಲು ಯಂತ್ರ ನಿಲ್ಲಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬನೇ ಮುದ್ರಿಸಿದ, ಒಬ್ಬನೇ ಕತ್ತರಿಸಿದ, ಒಬ್ಬನೇ ಕಟ್ಟಿದ. ಮುಖದ ಮೇಲೆ ಮುಖ, ಯಜಮಾನನ ನಗುವ ಮುಖ, ತಟ್ಟೆಗೆ ಬಿದ್ದು ಬಿದ್ದು ರಾಶಿಯಾಯಿತು. ಬೇಸರವಾದಾಗ ಅಮ್ಮನ ಟ್ರಂಕು ತೆಗೆದು ನೋಡಿದ. ಬೀಗ ತೆಗೆದ ದಿನದಿಂದ ಪ್ರತಿ ಕೆಲಸದ ಮೊದಲ ಹಾಳೆಯನ್ನು ಅಮ್ಮ ಅದರಲ್ಲಿ ಮಡಿಸಿಡುತ್ತಿದ್ದಳು. ನಾಳೆ ಯಾರಾದರೂ ಕೇಳಿದರೆ ತೋರಿಸಲು ಇರಲಿ ಎಂದು. ಬೀಜದ ಚೀಟಿ ಇತ್ತು. ಹಾಲಿನ ಡೇರಿಯ ಪುಸ್ತಕದ ಹಾಳೆ ಇತ್ತು. ಯಜಮಾನನ ಹಾಳೆ ಮಾತ್ರ ಇರಲಿಲ್ಲ. ಗಂಡನನ್ನು ಕೊಂದವನ ಮುಖವನ್ನು ಟ್ರಂಕಿನಲ್ಲಿಡಲು ಅವಳಿಗೆ ಮನಸ್ಸಾಗಿಲ್ಲ ಎಂದುಕೊಂಡ. ಆ ಕೆಲಸದ ಲೆಕ್ಕ ಅವಳು ಇಟ್ಟಿಲ್ಲ, ಒಂದು ಚಿಂತೆ ಕಳೆಯಿತು.

ಹಂಚುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಯಜಮಾನನ ಪಕ್ಷದ ಟೋಪಿ ಇಟ್ಟುಕೊಂಡು, ಬೈಕಿನ ಹಿಂದೆ ಕಟ್ಟು ಹೇರಿ, ದಿನಾ ಸಂಜೆ ಊರಿಂದೂರಿಗೆ ಹೋದ. ಹಾಲಿನ ಡೇರಿ, ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಬಸ್ಸಿನ ತಂಗುದಾಣ. ಬೈಯುವ ಕಾಗದ ಹಂಚುವವನನ್ನು ಹತ್ತು ಜನ ಹಿಡಿದು ವಿಚಾರಿಸುತ್ತಾರೆ. ಹೊಗಳುವ ಕಾಗದ ಹಂಚುವವನಿಗೆ ಚಹಾ ಕೊಡುತ್ತಾರೆ. ಒಬ್ಬ ಗಿರಣಿಯವನಂತೂ ಹಾಳೆಯನ್ನು ಗಟ್ಟಿಯಾಗಿ ಓದಿಸಿಕೊಂಡು, "ಬರೆದವನು ಯಾರೋ, ಕರುಳಿಂದ ಬರೆದಿದ್ದಾನೆ," ಎಂದ. ಅದು ನಿಜವಾಗಿತ್ತು.

ಮೂರನೆಯ ದಿನ ಕಚೇರಿ ಮುಚ್ಚುವ ಮೊದಲು ಘೋಷಣಾ ಪತ್ರದ ಬಿಳಿ ಜಾಗದಲ್ಲಿ 'ಒಂದು ಲಕ್ಷ' ಎಂದು ಅಕ್ಷರದಲ್ಲೂ ಅಂಕಿಯಲ್ಲೂ ಬರೆದು ಕೊಟ್ಟ. ಗುಮಾಸ್ತ ಹಾಳೆಗಳ ರಾಶಿಯಲ್ಲಿ ಮುಳುಗಿದ್ದ. ನೋಡದೆಯೇ ಮುದ್ರೆ ಒತ್ತಿ ಫೈಲಿಗೆ ಸೇರಿಸಿದ.

ಅಮ್ಮ ಅಕ್ಕನ ಮನೆಯಿಂದ ಬಂದವಳು ನೆಲದ ಮೇಲಿನ ನಾಲ್ಕು ಗುರುತುಗಳನ್ನು ಬಹಳ ಹೊತ್ತು ನೋಡಿದಳು. "ತುಕ್ಕು ಹಿಡಿದಿತ್ತಮ್ಮಾ," ಎಂದ ಅವನು. ಅವಳು ಕೂತು, ಒಂದು ಗುರುತಿನ ಧೂಳನ್ನು ಸೆರಗಿನಿಂದ ಒರೆಸಿದಳು.

ಎರಡು ದಿನ ಬಿಟ್ಟು ಏಜೆಂಟ್ ಹಲ್ಲು ಕಿಸಿಯುತ್ತ ಬಂದ. "ಪ್ರೆಸ್ಸಣ್ಣ, ಎಲ್ಲಿ ನೋಡಿದ್ರೂ ನಮ್ಮದೇ ಹಾಳೆ! ಎರಡು ಸಾವಿರ ಇಷ್ಟು ದೂರ ಹೋಗುತ್ತಾ?"

"ಹಂಚೋರು ಗಟ್ಟಿ ಇದ್ರೆ ಹೋಗುತ್ತೆ. ನಿಮ್ಮ ಹುಡುಗರನ್ನ ಓಡಿಸೋದ್ರಲ್ಲಿ ನಿಮ್ಮ ಕೈ ಯಾರೂ ಹಿಡಿಯೋಕಾಗಲ್ಲ ಬಿಡಿ."

ಏಜೆಂಟ್ ಅದನ್ನು ನಂಬಿದ. ಹೊಗಳಿಕೆಗೆ ಮಿತಿ ಇಟ್ಟ ಕಾಯ್ದೆ ಇಂಥವರ ಕಿವಿಗೂ ಒಂದು ಮಿತಿ ಇಡಬೇಕಿತ್ತು.

ಯಜಮಾನ ಗೆದ್ದ. ಹೋದ ಸಲಕ್ಕಿಂತ ಎರಡು ಪಟ್ಟು ಹೆಚ್ಚು ಮತ. ಮೆರವಣಿಗೆ ಪ್ರೆಸ್ಸಿನ ಮುಂದೆ ಹಾದಾಗ ಅವನೂ ಜಗಲಿಗೆ ಬಂದು ಚಪ್ಪಾಳೆ ತಟ್ಟಿದ. ತಿಂಗಳು ಕಳೆದು ಯಜಮಾನ ಕಚೇರಿಗೆ ಖರ್ಚಿನ ವಿವರ ಒಪ್ಪಿಸಿದ. ಕರಪತ್ರ: ಎರಡು ಸಾವಿರ. ಕಚೇರಿಯ ಫೈಲಿನಲ್ಲಿ: ಒಂದು ಲಕ್ಷ. ಅಲ್ಲಿಂದ ಮುಂದೆ ಅವನು ಬೆರಳನ್ನೂ ಅಲ್ಲಾಡಿಸಬೇಕಾಗಿರಲಿಲ್ಲ. ಕಾಯ್ದೆ ತಾನಾಗಿ ತಿರುಗತೊಡಗಿತು, ಎಣ್ಣೆ ಬಿಟ್ಟ ಚಕ್ರದಂತೆ.

ವಿಚಾರಣೆಯ ದಿನ ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. "ನಿಮ್ಮಪ್ಪನ್ನ ಒಬ್ಬರನ್ನೇ ಕಳಿಸಿ ಕೆಟ್ಟೆ. ನಿನ್ನನ್ನ ಕಳಿಸಲ್ಲ." ಕೈಯಲ್ಲೊಂದು ತಗಡಿನ ಡಬ್ಬಿ. ಔಷಧಿ ಇರಬೇಕು ಎಂದುಕೊಂಡ. ಅವಳನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದ.

ಅದೇ ಕೋಣೆ. ಅಪ್ಪ ಕೂಗಾಡಿದ್ದು ಇಲ್ಲಿಯೇ. ಮೇಜಿನ ಆ ಬದಿಗೆ ಯಜಮಾನ ಬೆವರು ಒರೆಸಿಕೊಳ್ಳುತ್ತಿದ್ದ. "ಎರಡು ಸಾವಿರ ಸ್ವಾಮಿ, ತಾಯಾಣೆಗೂ ಎರಡೇ ಸಾವಿರ!" ಎಂದು ಏಜೆಂಟ್ ಹತ್ತನೆಯ ಸಲ ಹೇಳುತ್ತಿದ್ದ. ಅಧಿಕಾರಿಣಿ ಹೊಸಬರು. ಕನ್ನಡಕವನ್ನು ಹಣೆಗೇರಿಸಿ ಘೋಷಣಾ ಪತ್ರ ಮುಂದಿಟ್ಟರು. ಸಹಿ ತನ್ನದೇ ಎಂದು ಏಜೆಂಟ್ ಒಪ್ಪಿಕೊಳ್ಳಬೇಕಾಯಿತು. ಮತದಾನದ ಮುಂಚೆ ಹಳ್ಳಿಗಳಲ್ಲಿ ಸಿಕ್ಕಿದ ಹಾಳೆಗಳ ಕಟ್ಟುಗಳೂ ಮೂಲೆಯಲ್ಲಿದ್ದವು, ಎರಡು ಸಾವಿರಕ್ಕಿಂತ ಎಷ್ಟೋ ಹೆಚ್ಚು.

"ನೀವು ಹೇಳಿ," ಎಂದು ಅವನ ಕಡೆ ತಿರುಗಿದರು. "ಸಂಖ್ಯೆ ಯಾವಾಗ ಬರೆದದ್ದು?"

"ಅವತ್ತೇ ಮೇಡಂ, ಅವರ ಎದುರಿಗೇ. ಒಂದು ಲಕ್ಷ ಅಂತ ಅವರೇ ಹೇಳಿದ್ದು. ಒಂದು ಲಕ್ಷವನ್ನೂ ಅವರಿಗೇ ಕೊಟ್ಟಿದ್ದು."

"ಇದರ ಬಗ್ಗೆ ಬೇರೆ ಯಾವ ಬರೆಹವೂ ಇಲ್ಲವಾ?"

"ಇಲ್ಲ."

ಪ್ರಮಾಣ ಮಾಡಿಸಿ ಹೇಳಿಕೆ ಬರೆದುಕೊಂಡರು. ಅವನು ಸಹಿ ಹಾಕಿದ, ಮುದ್ರಕನ ನೇರ ಅಕ್ಷರದಲ್ಲಿ, ತನ್ನ ಹೆಸರನ್ನು ಪೂರ್ತಿಯಾಗಿ. ಹೆಸರು ಹಾಕಿ ಮಾತಾಡಿ ಅಂತಲ್ಲವೇ ಕಾಯ್ದೆ?

ಅಧಿಕಾರಿಣಿ ಗುಮಾಸ್ತನಿಗೆ ಕಣ್ಸನ್ನೆ ಮಾಡಿದರು. ಗುಮಾಸ್ತ, ಕಚೇರಿಗೆ ಬಂದ ಕಾಗದಗಳನ್ನು ಅಂಟಿಸಿಡುವ ದಪ್ಪ ಪುಸ್ತಕ ತಂದು, ಗುರುತಿಗೆ ದಾರ ಇಟ್ಟಿದ್ದ ಪುಟ ತೆರೆದ. ಅಂಚಿನಲ್ಲಷ್ಟೇ ಅಂಟು ಹಚ್ಚಿದ ಹಾಳೆಯೊಂದರಿಂದ ಯಜಮಾನ ನಗುತ್ತಿದ್ದ. ಅವನ ಹಣೆಯ ಮೇಲೆ ಒಂದು ಹೊಟ್ಟಿನ ಚುಕ್ಕೆ, ಯಂತ್ರ ಹತ್ತಿದ ಕೂಡಲೆ ಬರುವ ಮೊದಲ ಹಾಳೆಗೆ ಬೀಳುವಂಥದು. ಗುಮಾಸ್ತ ಹಾಳೆ ತಿರುವಿದ. ಬೆನ್ನಿಗೆ, ಅವತ್ತು ಜಗಲಿಯಲ್ಲಿ ಬರೆದು ತಾನೇ ಮರೆತಿದ್ದ ಏಜೆಂಟನ ಗೀಚು ಅಕ್ಷರ: 'ಎರಡು ಸಾವಿರ ಪ್ರತಿ ಮಾತ್ರ ಹೇಳಿದ್ದು, ಎಣಿಸಿ ಪಡೆದಿದ್ದೇನೆ.' ಕೆಳಗೆ ಸಹಿ, ತಾರೀಖು, ಅದರ ಮರುದಿನ ಬೆಳಗ್ಗೆಯ ಕಚೇರಿಯ ಮುದ್ರೆ. "ಅದು ನಾನೇ ತಂದುಕೊಟ್ಟಿದ್ದು ತಾಯಿ," ಎಂದು ಬಾಗಿಲಿಂದ ಅಮ್ಮನ ದನಿ ಬಂತು. ಅವಳು ಡಬ್ಬಿ ತೆರೆಯುತ್ತ ಒಳಗೆ ಬಂದಳು. "ಬಸ್ಸಿಗೆ ಹೋಗೋ ದಾರೀಲಿ ಕೊಟ್ಟುಹೋದೆ. ಚುನಾವಣೆ ಕಾಗದ, ಮತ್ತೆ ನಮ್ಮ ಪ್ರೆಸ್ಸಿಗೆ ಬೀಗ ಬೀಳಬಾರದು ನೋಡಿ. ನನ್ನ ಮಗ ಕಾಯ್ದೆ ಮೀರೋನಲ್ಲ, ಈ ಯಪ್ಪನೇ ಕೈಯಾರೆ ಬರೆದುಕೊಟ್ಟವ್ರೆ, ಕೇಳಿ ಬೇಕಾದ್ರೆ." ಮುದ್ರೆ ಬಿದ್ದ ರಸೀದಿಯನ್ನು ತೆಗೆದು, ಮಗನ ಸಹಿ ಇನ್ನೂ ಒಣಗದ ಹೇಳಿಕೆಯ ಪಕ್ಕ ಇಟ್ಟು, ಅದರ ಸುಕ್ಕನ್ನು ಅಂಗೈಯಿಂದ ಒರೆಸಿದಳು. ಗಂಡನ ಋಣ ತೀರಿಸಿದ ಸಮಾಧಾನ ಅವಳ ಮುಖದಲ್ಲಿತ್ತು. ಆ ಕೋಣೆಯಲ್ಲಿ ಮತ್ತೆ ಯಾರ ಮುಖದಲ್ಲೂ, ಗೆದ್ದ ಯಜಮಾನನ ಮುಖದಲ್ಲೂ, ಅಷ್ಟು ಸಮಾಧಾನ ಇರಲಿಲ್ಲ.