ಹಗೇವಿನ ದೀಪ

ಐವತ್ತೇಳರ ಬೇಸಿಗೆಯ ಆ ಬೆಳಿಗ್ಗೆ, ಪ್ರತಿ ವರ್ಷದಂತೆ ರಾಗಿ ತೆಗೆದುಕೊಡಲು ಚಿಕ್ಕಗಂಗಮ್ಮನ ಮನೆಯಂಗಳಕ್ಕೆ ಬಂದ ನಾಗರಾಜು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಹೋದ ವಾರ ಕೆಂಗೇರಿ ಕೆರೆ ಏರಿಯ ಮೇಲೆ "ನನ್ನ ಮದ್ವೆ ಆಗ್ತೀಯಾ?" ಎಂದು ಕೇಳಿದ್ದ. ಅವಳು ತುಟಿ ಬಿಚ್ಚದೆ ಓಡಿಹೋದದ್ದನ್ನು ಒಲ್ಲೆ ಎಂದೇ ತಿಳಿದುಬಿಟ್ಟ. ಸೋಮವಾರದಿಂದ ರಾಜಾಜಿನಗರದ ಫ್ಯಾಕ್ಟರಿಯಲ್ಲಿ ಕೆಲಸ, ಇನ್ನು ಊರ ಕಡೆ ತಲೆ ಹಾಕುವುದಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ. ಗಂಡಸರ ಬುದ್ಧಿಯೇ ಹಾಗೆ, ಒಂದು ವಾರ ಕಾಯಲಾರರು.

ಒಲ್ಲೆ ಅಂದವರು ಯಾರು? ಅವಳಿಗೆ ಹೆದರಿಕೆ. ಅವಳು ಆರು ವರ್ಷದವಳಿದ್ದಾಗ ಅಪ್ಪ ಇದೇ ಹಗೇವಿಗೆ, ಅಂಗಳದ ನೆಲದೊಳಗಿನ ಈ ರಾಗಿ ಗುಂಡಿಗೆ, ಗಾಳಿ ಕೆಟ್ಟಿದ್ದರೆ ಆರಿಹೋಗುವ ದೀಪವನ್ನು ಮೊದಲು ಇಳಿಬಿಡದೆ, ಅವಸರದಲ್ಲಿ ಇಳಿದಿದ್ದ. ಒಳಗಿನ ಕೆಟ್ಟ ಗಾಳಿ ಅವನನ್ನು ಮೇಲೆ ಬರಗೊಡಲಿಲ್ಲ. ವರ್ಷವರ್ಷವೂ ಅದೇ ಗುಂಡಿಗೆ ಇಳಿಯುವವನನ್ನು ಪ್ರೀತಿಸುವುದೆಂದರೆ ಹುಡುಗಾಟವೇ?

ಅಂದಿನಿಂದ ಅವಳ ಅಜ್ಜಿ ಅಕ್ಕಯ್ಯಮ್ಮನದು ಒಂದೇ ಕಟ್ಟಳೆ. ಇಳಿಯುವವನ ಮನೆಯ ಹೆಂಗಸೇ ಮೊದಲು ದೀಪ ಬಿಡಬೇಕು, ಅವಳು ಹೂಂ ಅಂದರೆ ಮಾತ್ರ ಅವನು ಇಳಿಯಬೇಕು. ನಾಗರಾಜುವಿಗೆ ದೀಪ ಬಿಡುತ್ತಿದ್ದ ತಾಯಿ ಸಂಕ್ರಾಂತಿಗೆ ಮುಂಚೆ ತೀರಿಕೊಂಡಿದ್ದಳು.

"ನಾನೇ ಬಿಟ್ಕೋತೀನಿ ಬಿಡಜ್ಜಿ," ಎಂದ.

"ಇಳಿಯೋ ಅವಸರದೋನಿಗೆ ಆರಿದ ದೀಪಾನೂ ಉರ್ದಂಗೇ ಕಾಣ್ತದೆ. ನಿನ್ ಕಡೆಯೋರು ಯಾರವ್ರೆ, ಹೇಳು."

ಅವನು ದೀಪ ಕಟ್ಟಿದ ಹಗ್ಗವನ್ನು ಕೈಗೆತ್ತಿಕೊಂಡ. ನೆರೆಹೊರೆಯವರೆಲ್ಲ ನೋಡುತ್ತಿದ್ದರು. ಚಿಕ್ಕಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದವಳೇ ಅವನ ಕೈಯಿಂದ ದೀಪದ ಹಗ್ಗ ಕಿತ್ತುಕೊಂಡಳು.

"ಕೊಡಿಲ್ಲಿ."

ಹೆಂಗಸರು ಮುಸಿಮುಸಿ ನಕ್ಕರು. ಅವನ ಕಣ್ಣು ಅವಳ ಬೆರಳುಗಳ ಮೇಲೆ, ಅವಳ ಕಣ್ಣು ದೀಪದ ಮೇಲೆ. ಒಂದಾಳುದ್ದ ಇಳಿಯುವಷ್ಟರಲ್ಲಿ ದೀಪ ಕುಗ್ಗಿ ಆರಿಹೋಯಿತು.

"ಗಾಳಿ ಬೀಸ್ತು ಕಣೇ," ಎಂದ, ಬೇಕೆಂದೇ.

"ನೆಲದೊಳಗೆ ಯಾವ ಗಾಳಿ ಬೀಸ್ತದೆ? ಇಳೀಬೇಡ."

"ಹಂಗಾರೆ ಸಂಜೆವರ್ಗೂ ಕಾಯ್ಲಾ?"

"ಬೇಕಾದ್ರೆ ಸೋಮವಾರದವರ್ಗೂ ಕಾಯಿ."

ಹೊಂಗೆ ಸೊಪ್ಪಿನ ದೊಡ್ಡ ಕಟ್ಟನ್ನು ಹಗ್ಗಕ್ಕೆ ಬಿಗಿದು, ಇಬ್ಬರೂ ಸೇರಿ ಗುಂಡಿಯೊಳಗೆ ಮೇಲೆ ಕೆಳಗೆ ಆಡಿಸಿ ಕೆಟ್ಟ ಗಾಳಿಯನ್ನು ಹೊರಗೆಬ್ಬಿಸಿದರು. ಭುಜಕ್ಕೆ ಭುಜ ತಾಗಿದಾಗ ಏನೂ ಆಗದವರಂತೆ ಇದ್ದರು. ಬಿಸಿಲು ಇಳಿಯುವ ಹೊತ್ತಿಗೆ ಅವಳು ಮತ್ತೆ ದೀಪ ಬಿಟ್ಟಳು. ತಳ ಮುಟ್ಟಿದರೂ ಕುಡಿ ಅಲುಗಲಿಲ್ಲ. ಬಹಳ ಹೊತ್ತು ನೋಡಿ, "ಹೂಂ," ಎಂದಳು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವನು ಇಳಿದ.

"ನಾಗರಾಜೂ, ಉಸಿರಾಡಕ್ಕಾಗ್ತದಾ?"

"ಆಗ್ತದೆ. ಹೋದ್ವಾರ ಕೇಳಿದ್ದಕ್ಕೆ ಏನಂತೀಯೇ?"

ಅಪ್ಪನನ್ನು ನುಂಗಿದ ಆ ಬಾಯಿಯ ಮೇಲೆ ಅವಳು ಬಗ್ಗಿದಳು.

"ಹೂಂ ಅಂತೀನಿ! ಆದ್ರೆ ನೀನು ಯಾವ ಫ್ಯಾಕ್ಟರಿಗೆ ಹೋದ್ರೂ ವರ್ಷಾ ವರ್ಷಾ ದೀಪ ನಾನೇ ಬಿಡೋದು. ನಾನು ಬೇಡ ಅಂದ್ರೆ ಇಳಿಯಂಗಿಲ್ಲ."

ಕೆಳಗಿನಿಂದ ಸದ್ದಿಲ್ಲ. "ನಾಗರಾಜೂ!" ಎಂದು ಚೀರಿ ಹಗ್ಗ ಜಗ್ಗಿದಳು.

"ಇದೀನಿ ಕಣೇ." "ಅವ್ವ ಹೋದ್ಮೇಲೆ ನನ್ನ ಇಷ್ಟು ಗಟ್ಟಿಯಾಗಿ ಯಾರೂ ಕರ್ದಿರ್ಲಿಲ್ಲ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಮೊದ್ಲು ರಾಗಿ ತುಂಬೋ, ಮದ್ವೆ ಮನೇಗೆ ಬೇಕಾಗ್ತದೆ," ಎಂದು ಗದರಿದಳು.

ರಾಗಿಯ ಬುಟ್ಟಿಗಳನ್ನು ಯಾರ್ಯಾರೋ ಮೇಲೆಳೆದುಕೊಂಡರು. ಅವನ ಸೊಂಟದ ಹಗ್ಗವನ್ನು ಮಾತ್ರ ಚಿಕ್ಕಗಂಗಮ್ಮ ಯಾರ ಕೈಗೂ ಕೊಡಲಿಲ್ಲ.